ಐದಕ್ಕೆ ಎಷ್ಟು

ಹಡರ್ಸ್‌ಫೀಲ್ಡಿನ ಫೆಬ್ರವರಿ. ಮೂರು ಗಂಟೆಗೇ ದೀಪ ಹಾಕಿದ್ದಾರೆ.
ಮೇಜಿನ ಮೇಲೆ ಅರವತ್ತೆರಡು ಅರ್ಜಿ,
ಒಂದು ತಟ್ಟೆ ಶುಂಠಿ ಬಿಸ್ಕತ್ತು,
ಮತ್ತೊಂದು ಕಾಗದ, ಚೌಕಾಬಾರದ ಹಾಗೆ ಗೆರೆ ಎಳೆದು
ನಾಲ್ಕು ಮನೆ:
ಅಂಕ, ಗುರಿ, ಮುಂದಾಳುತನ, ಕಷ್ಟ.
ಕಷ್ಟಕ್ಕೆ ಐದು.
ಕೊಡುವುದು ಒಬ್ಬರಿಗೆ.

ಗ್ವೆನ್ ಒಳ್ಳೆಯವಳು. ನಿಜವಾಗಿ ಒಳ್ಳೆಯವಳು.
ಒಂದೊಂದು ಅರ್ಜಿ ಮುಗಿದಾಗಲೂ ಕನ್ನಡಕ ತೆಗೆದು ಒರೆಸುತ್ತಾಳೆ.
"ಅಪ್ಪ ಇಲ್ಲ, ಹೊಳೆ ದಾಟಿ ಶಾಲೆ. ನಾಲ್ಕು?"
"ಅಪ್ಪ ಇದ್ದಾನೆ, ಕುಡಿಯುತ್ತಾನೆ. ನಾಲ್ಕೂವರೆ ಹಾಕಬಹುದೆ?"
ಅರ್ಧ ಹಾಕುವಂತಿಲ್ಲ ಎನ್ನುತ್ತದೆ ನಿಯಮ.
ತೂಗುವುದು ನನಗೆ ಬರುವುದಿಲ್ಲ.
ನಮ್ಮದು ತಕ್ಕಡಿ ಹಿಡಿದ ಮನೆಯಲ್ಲ, ಬಿಲ್ಲು ಹಿಡಿದ ಮನೆ,
ಪಿಂಜಾರರ ಬಿಲ್ಲು.

ನಲವತ್ತೇಳನೆಯದು: ಥೊಕೊಜಾನಿ ಚಿಸಾಲೆ, ಮಲಾವಿ.
ಪುಟದ ತುಂಬ ಒಂದು ಕೈಪಂಪು.
ಅದರ ಚರ್ಮದ ವಾಷರು ಯಾಕೆ ಐದು ತಿಂಗಳಿಗೇ ಸವೆಯುತ್ತದೆ,
ಹಳೇ ಟೈರು ಕತ್ತರಿಸಿ ಹಾಕಿದರೆ ಎಷ್ಟು ದಿನ ಬಾಳುತ್ತದೆ,
ನೀರಿನ ಉಪ್ಪು ಅದನ್ನು ಏನು ಮಾಡುತ್ತದೆ.
ಕೆಳಗೆ ಪೆನ್ಸಿಲಿನಲ್ಲಿ ಒಂದು ಚಿತ್ರ, ಅಳತೆ ಸಮೇತ.
ಅಮ್ಮ ಇಲ್ಲ, ಅಪ್ಪ ಇಲ್ಲ, ಹಸಿವಿನ ಸುದ್ದಿಯೇ ಇಲ್ಲ.
"ಜಾಣೆ," ಎಂದಳು ಗ್ವೆನ್,
"ಆದರೆ ಕಷ್ಟ ಕಾಣುತ್ತಿಲ್ಲವಲ್ಲ. ಒಂದು?"

ಹತ್ತೊಂಬತ್ತು ವರ್ಷದ ಹಿಂದೆ ಇದೇ ನಾಲ್ಕನೇ ಮನೆಗೆ
ನಾನೂ ಕಾಯಿ ನಡೆಸಿದ್ದೆ,
ರಾಣೆಬೆನ್ನೂರಿನ ಸೈಬರ್ ಅಂಗಡಿಯಲ್ಲಿ, ಗಂಟೆಗೆ ಹದಿನೈದು ರೂಪಾಯಿ.
ಪಕ್ಕದಲ್ಲಿ ಇಂಗ್ಲಿಷ್ ಮೇಷ್ಟ್ರು:
"ಬಲ್ಬು ತಗಿ ಮಾಬೂಬಿ, ಕಂದೀಲು ಹಾಕು.
ಅಪ್ಪಗ ಕೆಮ್ಮು ಐತೇನು? ಛಲೋ ಆತು,
ಅದನ್ನ ಮೊದಲನೇ ಪ್ಯಾರಾಕ್ಕ ತಾ."
ತಂದೆ.
ಅಪ್ಪ ಕಣ್ಣು ಮುಚ್ಚಿ ಅರಳೆಯನ್ನು ಬೆರಳಲ್ಲಿ ಹಿಂಜಿ
ಇದು ಜಯಧರ, ಇದು ಹೊರಗಿನದು, ಇದಕ್ಕೆ ಮಳೆ ತಾಗಿದೆ ಎನ್ನುತ್ತಿದ್ದ.
ಬಿಲ್ಲಿನ ತಂತಿ ಒಂದೆಳೆ ಸಡಿಲಾದರೆ ಪಕ್ಕದ ಓಣಿಯಿಂದಲೇ ಗೊತ್ತಾಗುತ್ತಿತ್ತು ಅವನಿಗೆ.
ಅದನ್ನು ಬರೆಯಲಿಲ್ಲ.
ಅದಕ್ಕೆ ಮನೆ ಇರಲಿಲ್ಲ ಆ ಕಾಗದದಲ್ಲಿ.

ವೀಸಾ ಬಂದ ದಿನ ಕೇಳಿದ,
"ನನ್ನ ಬಗ್ಗೆ ಏನ್ ಬರದೀ, ಓದು."
ಇಂಗ್ಲಿಷಿನಲ್ಲೇ ಓದಿದೆ.
ತಲೆದೂಗಿದ.

ಇಲ್ಲಿಗೆ ಬಂದ ವರ್ಷ ದಾನಿಗಳ ಊಟದಲ್ಲಿ
ಉಣ್ಣೆ ಗಿರಣಿಯ ಮುದುಕ ಆರ್ಮಿಟೇಜ್ ನನ್ನ ಪಕ್ಕಕ್ಕೇ ಕೂತ.
"ನಿನ್ನ ಕಂದೀಲು ಓದಿದೆ," ಎಂದ.
"ನಮ್ಮ ತಾತನಿಗೂ ಒಂದಿತ್ತಂತೆ.
ಹೇಳಿದ ಹಾಗೆಲ್ಲ ಅದರ ಎಣ್ಣೆ ಕಡಿಮೆಯಾಗುತ್ತಿತ್ತು."
ಕಣ್ಣು ಮಿಟುಕಿಸಿದನೋ, ವಯಸ್ಸಿನ ರೆಪ್ಪೆಯೋ.
ನಾನು ಆಲೂಗಡ್ಡೆಯನ್ನು ಸಣ್ಣ ಸಣ್ಣಗೆ ಕತ್ತರಿಸಿದೆ.
ಮರುವರ್ಷ ಅವನು ತೀರಿಕೊಂಡ. ಕೇಳಬೇಕೆಂದಿದ್ದೆ.

"ನಾಲ್ಕು," ಎಂದೆ.
ಐದು ಎನ್ನಬಹುದಿತ್ತು.
ಐದಕ್ಕೆ ಕಾರಣ ಬರೆದು ಸಹಿ ಹಾಕಬೇಕು, ನಾಲ್ಕಕ್ಕೆ ಬೇಡ.
ಇಲ್ಲಿದ್ದು ಕಲಿತ ಬುದ್ಧಿ ಇಷ್ಟು.
ಗ್ವೆನ್ ಕನ್ನಡಕ ಏರಿಸಿ ಪುಟದ ಹಿಂದೆ ಮುಂದೆ ಹುಡುಕಿದಳು.
"ಯಾವ ಸಾಲಿನಲ್ಲಿ?"
ಐದು ತಿಂಗಳು ಎಂದಿದೆಯಲ್ಲ, ಅಲ್ಲಿ.
ಐದೇ ತಿಂಗಳು ಎಂದು ಎಣಿಸಲು
ಎಷ್ಟು ಸಲ ಬರಿಗೊಡ ಹೊತ್ತು ಹಿಂದಿರುಗಿರಬೇಕು, ನೋಡು.

ಅವಳು ನೋಡಿದಳು. ಬಹಳ ಹೊತ್ತು.
ಕನ್ನಡಕ ಒರೆಸಲಿಲ್ಲ.
ನಾಲ್ಕು ಎಂದು ಬರೆದಳು, ತನ್ನ ದುಂಡನೆಯ ಅಕ್ಷರದಲ್ಲಿ.
ಇನ್ನೂ ಹದಿನೈದು ಅರ್ಜಿ ಉಳಿದಿದ್ದವು.
ಬಿಸ್ಕತ್ತು ಮುಗಿದಿತ್ತು.